ಮೂರಕ್ಕೆ ಎರಡು

ನಿನ್ನೆ ರಾತ್ರಿ ಹೊನ್ನೂರ್‌ವಲಿ ಸೋತ.
ಮೂರಕ್ಕೆ ಎರಡು.
ಇವತ್ತು ಕೌಲ್‌ಬಜಾರಿನಲ್ಲಿ
ಮಿರ್ಚಿ ಬಾಣಲೆಗೆ ಬೀಳುವ ಮೊದಲೇ
ಜಗಳ ಕಾದಿತ್ತು.

ಸೋತಿಲ್ಲ, ಸೋಲ್ಸ್ಯಾರೆ, ಅಂದ ಗಾದಿಲಿಂಗ.
ಒಗ್ಗರಣೆ ತಟ್ಟೆಯ ಅಂಚೇ ರಿಂಗಿನ ಹಗ್ಗ,
ಶೇಂಗಾ ಕಾಳು ನಮ್ಮವನು,
ಮೆಣಸಿನಕಾಯಿ ಚೂರು ಆ ಹರಿಯಾಣದ ಹುಡುಗ.
ಮೂರನೇ ರೌಂಡಿನಾಗೆ ಇವನು ಇಲ್ಲಿ, ಅವನು ಇಲ್ಲಿ,
ನೋಡ್ರಪ, ಹೊಡೆದದ್ದು ಯಾರು?
ಶೇಂಗಾ ಕಾಳು ಮೆಣಸಿನಕಾಯಿಯನ್ನು
ಮಂಡಕ್ಕಿಯೊಳಗೆ ಹೂತೇಬಿಟ್ಟಿತು.

ಹೊಡೀಲಿಲ್ಲ, ತಬ್ಬಿಕೊಂಡ, ಅಂದ ಜಡೆಪ್ಪ.
ಅದಿರು ಲಾರಿ ಇಳಿದು ಬಂದವನು,
ರೆಪ್ಪೆಯ ಮೇಲೆ ಇನ್ನೂ ಕೆಂಧೂಳು.
ಉಸಿರು ಕಟ್ಟಿದವನು ತಬ್ಬಿಕೊಳ್ತಾನೆ,
ನಾನೂ ಸ್ಟೇರಿಂಗ್ ಹಂಗೇ ತಬ್ಬಿಕೊಂಡೀನಿ, ಗೊತ್ತೈತೆ.

ಎರ್ರಿಸ್ವಾಮಿ ಮೇಷ್ಟ್ರು ಚಹಾ ಸಾಸರಿಗೆ ಸುರಿದರು:
ಮೂವತ್ತನಾಲ್ಕು ವಯಸ್ಸು.
ಹೋದ ವರ್ಷವೇ ಗ್ಲೌಸು ಮೊಳೆಗೆ ತಗಲಿಸಿದ್ದರೆ
ಹೆಸರು ಗೋಡೆ ಮೇಲೆ ಇರ್ತಿತ್ತು.
ಈಗ ನಮ್ಮ ಬಾಯಾಗೆ ಐತೆ.

ನಾಲ್ಕು ಸಲ ರಾಜ್ಯ, ಒಂದು ಸಲ ದೇಶ,
ಒಂದು ರಾತ್ರಿ ಬಂದು ಅಷ್ಟೂ ಒರೆಸಿಬಿಡ್ತೈತೇನು ಸಾರ್?
ಅಂತ ಎದ್ದು ನಿಂತ ಶೇಕ್ಷಾವಲಿ,
ಒದ್ದೆ ಬಟ್ಟೆ ಹಿಡಿದು ಬಂದ ಹೋಟೆಲ್ ಹುಡುಗ
ಅಲ್ಲೇ ನಿಂತುಬಿಟ್ಟ.
ಮೊದಲನೇ ಫೈನಲ್ ನೆನಪು ಮಾಡ್ಕಳ್ರಿ,
ಹೈಸ್ಕೂಲ್ ಮೈದಾನದಾಗೆ,
ಆ ಸಿರುಗುಪ್ಪದ ಹುಡುಗನ್ನ ಹೆಂಗ ಉರುಳಿಸಿದ.
ಹೆಸರೇನೋ ಅವಂದು...
ಏನೋ ಇತ್ತು.

ಉರುಳಿಸಲಿಲ್ಲ.
ಒಂದು ಸಲವೂ ನನ್ನ ಮೊಣಕಾಲು ನೆಲ ಮುಟ್ಟಲಿಲ್ಲ.

ಆಗ ನಾನು ಐವತ್ತೇಳು ಕೆಜಿ.
ಈಗ ಈ ಬೆಂಚು ನನ್ನ ಬದಿಗೆ ಬಾಗುತ್ತದೆ.
ಹದಿನೈದು ವರ್ಷ ಇವರ ಜೊತೆ ಕೂತಿದ್ದೇನೆ,
ಜೀನ್ಸಿಗೆ ಜಿಪ್ಪು ಹೊಲಿಯುವ ತಾಯಣ್ಣ,
ಅಷ್ಟೇ ಗೊತ್ತು ಇವರಿಗೆ.

ಗಂಟೆ ಹೊಡೆದ ಮೇಲೆ
ರೆಫ್ರಿ ನಡುವೆ ನಿಂತು ಇಬ್ಬರ ಮಣಿಕಟ್ಟೂ ಹಿಡಿಯುತ್ತಾನೆ.
ಮೈಕು ಹೆಸರು ಹೇಳುವ ಮುಂಚೆ
ಸೋತವನಿಗೆ ತಿಳಿಯುತ್ತದೆ:
ಹಿಡಿದ ಬೆರಳು
ಒಂದು ಕೂದಲೆಳೆಯಷ್ಟು ಸಡಿಲ.
ಅವತ್ತೂ ಮೂರಕ್ಕೆ ಎರಡು.
ಮೇಲೆದ್ದ ಕೈ ಅವನದು,
ಜೀನ್ಸ್ ತೊಳೆದು ತೊಳೆದು
ಬ್ಯಾಂಡೇಜಿನಾಚೆ ಇಣುಕಿದ ಉಗುರುಗಳು ನೀಲಿ.
ಪೆಂಡಾಲಿಗೆ ಪೆಂಡಾಲೇ ಕೂಗಿತು.
ಅವನು ಮಾತ್ರ ಓರೆಗಣ್ಣಲ್ಲಿ ನನ್ನನ್ನು ನೋಡಿದ.
ಲೆಕ್ಕ ಅವನಿಗೂ ಗೊತ್ತಿತ್ತು.

ಎಷ್ಟು ವರ್ಷ ಕಾದಿದ್ದೆ ನಿನ್ನೆ ರಾತ್ರಿಗಾಗಿ.
ಯೂನಿಟ್ಟಿನ ಮಷೀನುಗಳ ನಡುವೆ
ಒಂದು ಫೋನಿಗೆ ಹನ್ನೆರಡು ತಲೆ,
ನೆಟ್ಟು ಸಿಕ್ಕಿ, ತಪ್ಪಿ, ಮತ್ತೆ ಸಿಕ್ಕಿ,
ರೆಫ್ರಿ ಅವನ ಮಣಿಕಟ್ಟು ಹಿಡಿದ.
ಸಡಿಲವಾದದ್ದು ನನ್ನ ಮಣಿಕಟ್ಟಿಗೆ ತಿಳಿಯಿತು.
ಮೋಸ! ಅಂತ ಕೂಗಿದವನು ಯಾರೆಂದು
ಎಲ್ಲರೂ ತಿರುಗಿ ನೋಡಿದಾಗ
ನಾನೂ ತಿರುಗಿ ನೋಡಿದೆ.
ಹಿಂದೆ ಬರೀ ಗೋಡೆ.

ಅದನ್ನು ಇವರಿಗೆ ಹೇಗೆ ಹೇಳಲಿ?
ಕೊಟ್ಟದ್ದನ್ನು ವಾಪಸು ಕಿತ್ತುಕೊಂಡರು ಅನ್ನಲೇ?
ನಡುವಿನ ವರ್ಷಗಳೆಲ್ಲ ಸಾಲವೇ ಹಾಗಾದರೆ?
ಇಲ್ಲ. ನಾನು ನೋಡಿದ್ದೇನೆ.
ಸಿರುಗುಪ್ಪದ ಬಸ್ಸು ಹತ್ತದೆ ಇದೇ ಊರಲ್ಲಿ ಉಳಿದು,
ಬೆಳಗಿನ ನಾಲ್ಕಕ್ಕೆ ಅವನು ಕೋಟೆಗುಡ್ಡದ ಮೆಟ್ಟಿಲು ಓಡುವುದನ್ನು
ಕೆಳಗಿನ ಕತ್ತಲಲ್ಲಿ ಬೀಡಿ ಮುಚ್ಚಿಕೊಂಡು ಎಣಿಸಿದ್ದೇನೆ.
ಯಾರೂ ಅವನಿಗೆ ಆ ಮೆಟ್ಟಿಲು ಪುಕ್ಕಟೆ ಕೊಡಲಿಲ್ಲ.
ನನಗೆ ಎಣಿಸುವುದನ್ನೂ ಯಾರೂ ಹೇಳಿರಲಿಲ್ಲ.

ಈ ಕಡೆ ಇಬ್ಬರು, ಆ ಕಡೆ ಇಬ್ಬರು,
ನೀನೇನಂತೀಯಪ ತಾಯಣ್ಣ?
ನಾಲ್ಕೂ ಮುಖ ನನ್ನತ್ತ.

ಗೆದ್ದವನು ಸೋತ, ಅಂದೆ.

ನೋಡ್ರಿ, ಮೂರಕ್ಕೆ ಎರಡು! ಗಾದಿಲಿಂಗ ಟೇಬಲ್ ಗುದ್ದಿದ.
ಯಾವ ರಾತ್ರಿಯದು ಅಂತ
ಒಬ್ಬರೂ ಕೇಳಲಿಲ್ಲ.
ಹುಡುಗ ತಟ್ಟೆ ಎತ್ತಿಕೊಂಡು ಹೋದ,
ಶೇಂಗಾ ಕಾಳು ಇನ್ನೂ ಅಂಚಿನಲ್ಲೇ ಇತ್ತು.